ಹೊಕ್ಕುಳ ಸುತ್ತಿನ ಸೂಜಿ

ಅವಳನ್ನು ಎರಡನೇ ಸಲ ಕರೆತಂದ ದಿನ ನಾನು ಮೊದಲು ನೋಡಿದ್ದು ಅವಳ ಕಾಲುಗಳನ್ನಲ್ಲ, ಅವಳ ಗಂಡನ ಮುಖವನ್ನು. ಎತ್ತಿನ ಗಾಡಿಯಲ್ಲಿ ಕಂಬಳಿಯ ಮೇಲೆ ಅವಳನ್ನು ಮಲಗಿಸಿಕೊಂಡು ಬಂದಿದ್ದ ಅವನು, ನನ್ನನ್ನು ಕಂಡದ್ದೇ ಏನೋ ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ತಲೆ ತಗ್ಗಿಸಿದ.

"ತಿರ್ಗಾ ಬಂದ್ಬುಡ್ತು ಡಾಕ್ಟ್ರಮ್ಮ," ಅಂದ. "ಅದೇ ಕಾಲು, ಅದೇ ಮರಗಟ್ಟಾದು. ಬೆಳಿಗ್ಗೆ ಎದ್ದೋಳು ಬಾಗ್ಲತ್ರ ಕುಸುದ್ಬುಟ್ಳು."

ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ತಮಿಳು ಸೀಮೆಯಲ್ಲಿ, ಓಮಲೂರಿನಿಂದ ಮೆಟ್ಟೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ಇಪ್ಪತ್ತು ಹಾಸಿಗೆಯ ಒಂದು ಆಸ್ಪತ್ರೆಯಲ್ಲಿ ನಾನಿದ್ದೆ. ನಾವಿಬ್ಬರೇ ಡಾಕ್ಟರು. ಆಸ್ಪತ್ರೆ ನಡೆಸುತ್ತಿದ್ದ ಹಿರಿಯ ಡಾಕ್ಟರು ತಮಿಳರು, ಕಡಿಮೆ ಮಾತು, ಹೆಚ್ಚು ನಶ್ಯ. ನಾನು ತುಮಕೂರು ಕಡೆಯವಳು. ಮೇಚೇರಿ, ಕೊಳತ್ತೂರು ಸುತ್ತಿನ ಕುರಿ ಸಾಕುವ ಕನ್ನಡದವರು ನನ್ನ ಬಳಿಗೇ ಬರುತ್ತಿದ್ದರು. ನನ್ನ ವೈದ್ಯವಿದ್ಯೆ ದೊಡ್ಡದೆಂದಲ್ಲ, ಭಾಷೆ ಸಿಗುತ್ತದೆಂದು. ಸಿಕ್ಕ ಮೇಲೂ ಅವರು ನನ್ನ ಕನ್ನಡ ಕೇಳಿ ನಗುತ್ತಿದ್ದರು; ಪುಸ್ತಕ ಓದಿದ ಹಾಗೆ ಮಾತಾಡುತ್ತೀಯೆ ಎನ್ನುತ್ತಿದ್ದರು. ಅವರ ಕನ್ನಡದಲ್ಲಿ ಅರ್ಧ ತಮಿಳು ಇರುತ್ತಿತ್ತು. ನನಗೂ ನಗು ಬರುತ್ತಿತ್ತು, ಆದರೆ ನಾನು ಡಾಕ್ಟರಾದ್ದರಿಂದ ನಗುವಂತಿರಲಿಲ್ಲ.

ಈ ಹೆಂಗಸು ಮೊದಲ ಸಲ ಬಂದದ್ದು ಅದಕ್ಕೆ ಒಂದೂವರೆ ವರ್ಷದ ಹಿಂದೆ. ಮೂವತ್ತರ ಒಳಗಿನ ವಯಸ್ಸು, ಮಂದೆಯ ಹಿಂದೆ ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆಯುವ ಮೈಕಟ್ಟು. ಎರಡು ದಿನ ಬೆನ್ನುನೋವು, ಮೂರನೇ ದಿನ ಕಾಲಲ್ಲಿ ಜೋಮು, ನಾಲ್ಕನೇ ದಿನಕ್ಕೆ ಸೊಂಟದಿಂದ ಕೆಳಗೆ ತನ್ನದೆನ್ನುವುದು ಏನೂ ಇಲ್ಲ. ಮೂತ್ರ ಕಟ್ಟಿಕೊಂಡು ಹೊಟ್ಟೆ ಬಿಂದಿಗೆಯಂತೆ ಉಬ್ಬಿತ್ತು. ಬೆನ್ನುಮೂಳೆಯ ಎಕ್ಸ್‌ರೇ ಸರಿಯಾಗಿತ್ತು, ಕ್ಷಯದ ಗುರುತಿರಲಿಲ್ಲ. ಬೆನ್ನಿನಿಂದ ತೆಗೆದ ನೀರಿನಲ್ಲಿ ಒಂದಷ್ಟು ಬಿಳಿಕಣ ಇದ್ದವು, ಪ್ರೋಟೀನು ಏರಿತ್ತು. ಬೆನ್ನುಹುರಿಯ ಒಂದು ಪಟ್ಟಿಯಷ್ಟು ಜಾಗದಲ್ಲಿ ಅಡ್ಡಕ್ಕೆ ಉರಿಯೂತ, ಟ್ರಾನ್ಸ್‌ವರ್ಸ್ ಮೈಲೈಟಿಸ್ ಎಂದು ಬರೆದೆ. ಕಾರಣದ ಸಾಲಿನಲ್ಲಿ "ತಿಳಿದಿಲ್ಲ" ಎಂದು ಬರೆದೆ. ಪ್ರೆಡ್ನಿಸೊಲೋನ್ ಕೊಟ್ಟು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಕೊಳವೆ ಹಾಕಿ ಮೂತ್ರ ತೆಗೆಯುತ್ತ ಕಾದೆವು. ಗಂಡ ಕೂದಲಿನ ಸಮೇತ ಹದ ಮಾಡಿದ ಕುರಿಚರ್ಮ ತಂದು ಅವಳ ಸೊಂಟದಡಿ ಹಾಸಿದ. ನಮ್ಮ ರಬ್ಬರ್ ಗಾಳಿದಿಂಬು ಮಾಡಲಾರದ ಕೆಲಸವನ್ನು ಅದು ಮಾಡಿತು, ಒಂದು ಹುಣ್ಣೂ ಆಗಲಿಲ್ಲ. ಐದು ತಿಂಗಳಿಗೆ ಅವಳು ತನ್ನ ಕಾಲ ಮೇಲೆ ಮನೆಗೆ ಹೋದಳು. ನನಗೆ ಕೊಂಬು ಬಂದಿತ್ತು ಎಂದು ಒಪ್ಪಿಕೊಳ್ಳಬೇಕು. ಇಂಥ ಕಾಯಿಲೆ ಸಾಮಾನ್ಯವಾಗಿ ಒಂದೇ ಸಲ ಬರುತ್ತದೆ, ಮರಳುವುದು ಅಪರೂಪ ಎಂದು ಪುಸ್ತಕದಲ್ಲಿದ್ದದ್ದನ್ನು ಅವಳಿಗೆ ನಾನೇ ಧೈರ್ಯವಾಗಿ ಹೇಳಿ ಕಳಿಸಿದ್ದೆ.

ಈಗ ಮರಳಿತ್ತು. ಈ ಸಲ ಇನ್ನೂ ಮೇಲಕ್ಕೆ ಏರಿತ್ತು. ಮೊದಲ ಸಲ ಹೊಕ್ಕುಳಿನ ಮಟ್ಟದಲ್ಲಿ ನಿಂತಿದ್ದ ಜೋಮು ಈಗ ಎದೆಗೂಡಿನ ಕೆಳ ಅಂಚಿಗೆ ಬಂದಿತ್ತು. ಮೂರನೇ ಸಲ ಬಂದರೆ ಎಲ್ಲಿಗೆ ಏರಬಹುದು, ಉಸಿರಾಟದ ಸ್ನಾಯುಗಳಿಗೆ ಅದು ಎಷ್ಟು ಹತ್ತಿರ ಎಂಬುದು ಅವಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಮದ್ರಾಸಿನ ನರರೋಗ ತಜ್ಞರಿಗೆ ಕಾಗದ ಬರೆದೆ. ಅವರ ಉತ್ತರ ಚಿಕ್ಕದಾಗಿತ್ತು: ಕಣ್ಣಿನ ನರ ನೋಡಿ, ಏಕೆಂದರೆ ಕಣ್ಣೂ ಬೆನ್ನುಹುರಿಯೂ ಕೂಡಿ ಹಿಡಿಯುವ ಕಾಯಿಲೆಯಾದರೆ ಮತ್ತೆ ಮತ್ತೆ ಬರುತ್ತದೆ, ಎರಡು ಸಲಕ್ಕೂ ಮುಂಚಿನ ಮೂರು ವಾರಗಳಲ್ಲಿ ಏನೇನು ನಡೆಯಿತು ಎಂದು ಕೇಳಿ, ಎರಡರಲ್ಲೂ ಇರುವುದನ್ನು ಹುಡುಕಿ. ಕಣ್ಣು ನೋಡಿದೆ, ನರದ ತಲೆ ಗುಲಾಬಿ ಬಣ್ಣಕ್ಕೆ ಆರೋಗ್ಯವಾಗಿತ್ತು. ಉಳಿದದ್ದು ಕೇಳುವ ಕೆಲಸ. ನನ್ನ ಬಳಿ ಅಚ್ಚು ಹಾಕಿಸಿದ ಪ್ರಶ್ನೆಗಳ ಹಾಳೆಯಿತ್ತು. ಜ್ವರ ಬಂದಿತ್ತಾ? ಬಿದ್ದಿದ್ದೆಯಾ? ಹಾವು ಕಚ್ಚಿತ್ತಾ? ನಾಯಿ ಕಚ್ಚಿತ್ತಾ? ಕಾಲು ಸೆಟೆಸುವ ಕೇಸರಿಬೇಳೆ ತಿಂದಿದ್ದೆಯಾ? ಗರ್ಭ ನಿಂತಿತ್ತಾ? ಎಲ್ಲಕ್ಕೂ ಇಲ್ಲ, ಇಲ್ಲ, ಇಲ್ಲ. ಮೊದಲ ಸಲವೂ ಇದೇ ಹಾಳೆ, ಇದೇ ಇಲ್ಲ.

ಆಮೇಲೆ ನನಗೆ ಹೊಲಗಳ ಮೇಲೆ ಅನುಮಾನ ಹತ್ತಿತು. ಕುರಿಯವರು ಬೆಳೆ ಕೊಯ್ದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಮಂದೆ ನಿಲ್ಲಿಸುತ್ತಾರೆ. ಹೊಲದವನು ಕರೆಯುತ್ತಾನೆ, ಅಲ್ಲಿ ಪಟ್ಟಿ ಎಂದು ಅವರು ಕರೆಯುವ ಬಲೆಯ ದೊಡ್ಡಿ ಕಟ್ಟಿ ನಾಲ್ಕಾರು ರಾತ್ರಿ ಕುರಿ ಕೂಡಿಹಾಕುತ್ತಾರೆ, ಮುಗಿದ ಮೇಲೆ ಮುಂದಿನ ಹೊಲ. ಮೊದಲ ಸಲ ಕಾಯಿಲೆ ಬರುವ ಮುಂಚೆ ಮಂದೆ ಹತ್ತಿ ಹೊಲದಲ್ಲಿತ್ತು, ಎರಡನೇ ಸಲವೂ ಹತ್ತಿ ಹೊಲದಲ್ಲೇ ಇತ್ತು. ಹತ್ತಿಗೆ ಹೊಡೆಯುವ ಔಷಧ ನರಕ್ಕೆ ವಿಷ. ಸಿಕ್ಕಿತು ಎಂದು ಕುಣಿದೆ. ಮದ್ರಾಸಿಗೆ ಮೂರು ಪುಟ ಬರೆದು ಅಂಚೆಗೆ ಹಾಕಿದ ಮಾರನೇ ದಿನ ಅವಳ ಗಂಡ ಸಹಜವಾಗಿ ಹೇಳಿದ: "ಇವ್ಳು ಆ ಒಲಕ್ಕೆ ಬರ್ನೇ ಇಲ್ವಲ್ಲ. ಮನ್ಯಾಗಿದ್ಳು. ಅಲ್ಲಿ ಮಲಗಿದ್ದು ನಾನೂ ನಮ್ಮಣ್ಣನೂ." ಔಷಧದ ಮೇಲೆ ಮಲಗಿದ ಗಂಡ ಕಲ್ಲಿನ ಹಾಗಿದ್ದ. ಮೂರು ಪುಟ ಬರೆದದ್ದಕ್ಕೆ ನನ್ನ ತಲೆಯನ್ನು ನಾನೇ ಚಚ್ಚಿಕೊಂಡೆ. ಎರಡನೇ ಕಾಗದ ಬರೆದು ಮೊದಲನೆಯದನ್ನು ಹರಿದು ಹಾಕಿ ಎಂದು ಕೇಳಿಕೊಂಡೆ.

ವಿಷಯ ಹೊರಬಿದ್ದದ್ದು ಪ್ರಶ್ನೆಯಿಂದಲ್ಲ. ದಿನವೂ ಬೆಳಿಗ್ಗೆ ಗುಂಡುಸೂಜಿಯಿಂದ ಅವಳ ಹೊಟ್ಟೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಮೆತ್ತಗೆ ಚುಚ್ಚುತ್ತ, ಎಲ್ಲಿ ಚುರುಕು ಅನ್ನಿಸುತ್ತದೆ ಎಂದು ಕೇಳಿ, ಅಲ್ಲಿ ಪೆನ್ನಿನ ಗೆರೆ ಎಳೆದು ತಾರೀಖು ಬರೆಯುತ್ತಿದ್ದೆ. ಗೆರೆ ಕೆಳಗಿಳಿದರೆ ಗುಣ, ಮೇಲೇರಿದರೆ ಕೇಡು. ಒಂದು ಬೆಳಿಗ್ಗೆ ಹೊಕ್ಕುಳ ಸುತ್ತ ಚುಚ್ಚುತ್ತಿದ್ದೆ, ಅವಳು ಸೂರು ನೋಡುತ್ತ ಸುಮ್ಮನೆ ಮಲಗಿದ್ದಳು. ಪಕ್ಕದಲ್ಲಿ ಎಲೆಯಡಿಕೆ ಕುಟ್ಟುತ್ತ ಕೂತಿದ್ದ ಅವಳ ಅತ್ತೆ ನಿಟ್ಟುಸಿರಿಟ್ಟಳು.

"ಆ ಊಸಿ ಆಕ್ದಾಗ ಊರೆಲ್ಲ ಕೇಳಂಗೆ ಅರಚ್ತಿದ್ಳು. ಈಗ ನೋಡು, ಅದೇ ಜಾಗ್ದಾಗೆ ಚುಚ್ಚುದ್ರೂ ಗೊತ್ತಾಯ್ತಾ ಇಲ್ಲ."

ಊಸಿ ಎಂದರೆ ಅವರ ಮಾತಿನಲ್ಲಿ ಇಂಜೆಕ್ಷನ್ನು. ನನ್ನ ಕೈ ನಿಂತಿತು. "ಯಾವ ಊಸಿ ಅಜ್ಜಿ?"

"ಅದೇ, ಒಕ್ಕುಳ ಸುತ್ತ ಆಕ್ತಾರಲ್ಲ. ನಾಯ್ ಊಸಿ."

"ನಾಯಿ ಕಚ್ಚಿಲ್ಲ ಅಂದಿರಲ್ಲ?"

"ಇವ್ಳಿಗೆಲ್ಲಿ ಕಚ್ತು? ಆಡಿಗೆ ಕಚ್ಚಿದ್ದು," ಅಂದಳು ಮುದುಕಿ, ಇಷ್ಟೂ ತಿಳಿಯದ ಡಾಕ್ಟರಮ್ಮನಿಗೆ ಬಿಡಿಸಿ ಹೇಳುವ ತಾಳ್ಮೆಯಲ್ಲಿ.

ನಾನು ಹಾಸಿಗೆಯ ಅಂಚಿನಲ್ಲೇ ಕೂತುಬಿಟ್ಟೆ. ಮುದುಕಿ ಹೇಳಿದ್ದು ಇಷ್ಟು: ಮಂದೆಯ ಜೊತೆ ಅವರು ನಾಲ್ಕು ಆಡು ಸಾಕುತ್ತಿದ್ದರು, ಹಾಲಿಗೆ. ಹುಚ್ಚುನಾಯಿಯೊಂದು ಒಂದು ಆಡಿಗೆ ಕಚ್ಚಿತು. ಕೆಲವು ದಿನದ ಮೇಲೆ ಆಡು ಜೊಲ್ಲು ಸುರಿಸಿ ಸತ್ತಿತು. ಅಷ್ಟರಲ್ಲಿ ಮನೆಮಂದಿಯೆಲ್ಲ ಅದರ ಹಾಲು ಕುಡಿದಾಗಿತ್ತು. ಮನೆಯ ಹಿರಿಯರು ಹತ್ತೂ ಜನರನ್ನು ಹೊರಡಿಸಿಕೊಂಡು ಬೇರೆ ತಾಲ್ಲೂಕಿನ ಆಸ್ಪತ್ರೆಗೆ ಹೋದರು. ಎಲ್ಲರೂ ದಿನಕ್ಕೊಂದರಂತೆ ಹೊಟ್ಟೆಗೆ ಚುಚ್ಚಿಸಿಕೊಂಡು ಬಂದರು. ಅದಾಗಿ ಎರಡು ವಾರಕ್ಕೆ ಸೊಸೆಯ ಕಾಲು ಹೋಯಿತು. ಮುಂದಿನ ವರ್ಷ ಒಂದು ಕುರಿ ಹಾಗೇ ಸತ್ತಾಗ, ಅದರ ಬಾಯಿಗೆ ಕೈ ಹಾಕಿ ಔಷಧ ಕುಡಿಸಿದ್ದವಳು ಸೊಸೆಯೇ ಎಂದು ಅವಳೊಬ್ಬಳಿಗೇ ಮತ್ತೆ ಏಳು ಚುಚ್ಚಿಸಿದರು. ಈ ಸಲ ಹತ್ತು ದಿನವೂ ಹಿಡಿಯಲಿಲ್ಲ.

"ಇದನ್ನ ಯಾಕೆ ಹೇಳಲಿಲ್ಲ?" ಎಂದು ನಾನು ಸಿಡುಕಿದೆ. ಸಿಡುಕಿದ್ದು ತಪ್ಪು.

"ನೀವು ಕೇಳ್ನಿಲ್ಲ," ಅಂದಳು ಮುದುಕಿ. "ಅತ್ತು ಜನಕ್ಕೂ ಅದೇ ಮದ್ದು, ಒಂದೇ ಮರುಂದು ಆಕಿದ್ರು. ಒಂಬತ್ತು ಜನ ಸೆನ್ನಾಗವ್ರೆ. ಮರುಂದು ಕೆಟ್ಟದ್ದಾಗಿದ್ರೆ ನಾನ್ಯಾಕೆ ಕಲ್ಲುಗುಂಡಿನಂಗೆ ಕುಂತಿವ್ನಿ?"

ಅವಳ ತರ್ಕದಲ್ಲಿ ಎಲ್ಲೂ ಬಿರುಕಿರಲಿಲ್ಲ. ಬಿರುಕಿದ್ದದ್ದು ನನ್ನ ಹಾಳೆಯಲ್ಲಿ. ನಾಯಿ ಕಚ್ಚಿತ್ತಾ ಎಂದು ಅದರಲ್ಲಿತ್ತು. ನಾಯಿಕಡಿತದ ಲಸಿಕೆ ಹಾಕಿಸಿಕೊಂಡಿದ್ದೀಯಾ ಎಂದು ಇರಲಿಲ್ಲ. ಪೇಟೆಯಲ್ಲಿ ಕಚ್ಚಿಸಿಕೊಂಡವನಷ್ಟೇ ಆ ಚುಚ್ಚುಮದ್ದು ಹಾಕಿಸಿಕೊಳ್ಳುತ್ತಾನೆ. ಕುರಿ ಆಡುಗಳ ಜೊಲ್ಲು, ಹಾಲು, ನೆತ್ತರಿನಲ್ಲೇ ಬದುಕುವ ಹಟ್ಟಿಯಲ್ಲಿ ಕಚ್ಚದವರೂ ಹಾಕಿಸಿಕೊಳ್ಳುತ್ತಾರೆ ಎಂಬುದು ಕುರಿಯವರ ನಡುವೆ ಅಷ್ಟು ದಿನ ಇದ್ದೂ ನನ್ನ ತಲೆಗೆ ಹೊಳೆದಿರಲಿಲ್ಲ. ಹೊಳೆದಿದ್ದರೆ ಎರಡನೇ ಸಲ ಇವಳು ಬೀಳುತ್ತಿರಲಿಲ್ಲ. ಅದು ನನಗೆ ಇವತ್ತಿಗೂ ನೋವಿನ ವಿಷಯ.

ಆ ಕಾಲದ ಲಸಿಕೆಯ ಬಗ್ಗೆ ಎರಡು ಮಾತು ಹೇಳಬೇಕು. ರೋಗಾಣುವನ್ನು ಕುರಿಯ ಮಿದುಳಿನಲ್ಲಿ ಬೆಳೆಸಿ, ಕಾರ್ಬಾಲಿಕ್ ಆಮ್ಲ ಹಾಕಿ ಅದನ್ನು ಸಾಯಿಸಿ, ಆ ಮಿದುಳನ್ನೇ ಅರೆದು ಹೊಟ್ಟೆಯ ಚರ್ಮದಡಿಗೆ ಕೊಡುತ್ತಿದ್ದರು. ಅದರಿಂದ ಬದುಕಿದವರು ಬಹಳ. ಆದರೆ ಅಪರೂಪಕ್ಕೆ ಒಬ್ಬರ ಮೈ, ಒಳಗೆ ಬಂದ ಆ ಮಿದುಳಿನ ಪದಾರ್ಥದ ಮೇಲೆ ಜಗಳಕ್ಕೆ ನಿಂತು, ಅದನ್ನೇ ಹೋಲುವ ತನ್ನ ಬೆನ್ನುಹುರಿಯನ್ನೂ ಸುಟ್ಟುಕೊಳ್ಳುತ್ತದೆ. ಒಮ್ಮೆ ಹಾಗಾದವರಿಗೆ ಅದನ್ನು ಮತ್ತೆ ಕೊಟ್ಟರೆ ಜಗಳ ಬೇಗ ಹತ್ತುತ್ತದೆ, ಜೋರಾಗುತ್ತದೆ. ಕಾಯಿಲೆ ತಾನಾಗಿ ಮರಳಿರಲಿಲ್ಲ, ಅದನ್ನು ಕರೆಸಿದ್ದರು. ಒಬ್ಬಳ ಕತೆಯಿಂದ ಸಿದ್ಧಾಂತ ಮಾಡಬಾರದು ಎಂದು ಮದ್ರಾಸಿನವರು ಎಚ್ಚರಿಸಿ ಬರೆದರು, ಅದೇ ಕಾಗದದ ಕೊನೆಗೆ ಇನ್ನೆಂದೂ ಅವಳಿಗೆ ಆ ಲಸಿಕೆ ಕೊಡಬೇಡಿ ಎಂದೂ ಬರೆದರು.

ನಾನು ಅತ್ತೆ, ಗಂಡ, ಅವಳು ಮೂವರನ್ನೂ ಕೂರಿಸಿ ಹೇಳಿದೆ. ಮುದುಕಿ ಎಲೆಯಡಿಕೆ ನಿಲ್ಲಿಸಿದಳು. "ಕುರಿ ಮೆದ್ಳಾ? ನಾವು ಸಾಕಿದ್ ಜಾತಿನೇ ನಮ್ ಸೊಸೆ ಕಾಲು ಇಡ್ಕಂತಾ?" ಎಂದು ಕೇಳಿದಳು.

ಈ ಸಲ ಗುಣವಾಗಲು ಏಳು ತಿಂಗಳು ಹಿಡಿಯಿತು. ಎಡಗಾಲು ಎಳೆಯುತ್ತಿತ್ತು, ಕೈಯಲ್ಲಿ ಕೋಲು ಬಂತು. ಹೊಟ್ಟೆಯ ಮೇಲಿನ ಜೋಮು ಪೂರ್ತಿ ಹೋಗಲಿಲ್ಲ. ಹತ್ತಿ ಸುತ್ತಿದ ಹಾಗಿದೆ ಎನ್ನುತ್ತಿದ್ದಳು. ಮಂದೆಯ ಹಿಂದೆ ಹೋಗಲಾರದೆ ಪಟ್ಟಿಯ ಬಳಿ ಮರಿಗಳನ್ನು ನೋಡಿಕೊಂಡಿದ್ದಳು.

ಮನೆಗೆ ಹೋಗಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಒಂದು ಮಧ್ಯಾಹ್ನ ಮೂವರೂ ಬಂದರು. ಅವಳ ಬಲ ಮುಂಗೈಗೆ ಅರಿಶಿನದ ಬಟ್ಟೆ ಸುತ್ತಿತ್ತು. ನಾಯಿ ಕಚ್ಚಿತ್ತು. ಈ ಸಲ ನಿಜವಾಗಿ, ಅವಳಿಗೇ.

ಹಿಂದಿನ ದಿನ ಬೆಳಿಗ್ಗೆ ಮರಿ ಎತ್ತಲು ಬಾಗಿದಾಗ ಎಡಗಾಲು ಕೈಕೊಟ್ಟು, ಮಲಗಿದ್ದ ತಮ್ಮ ಪಟ್ಟಿಯ ನಾಯಿಯ ಮೇಲೆ ಬಿದ್ದಿದ್ದಳು. ಬೆಚ್ಚಿದ ನಾಯಿ ಕಚ್ಚಿತು. ನಾಲ್ಕು ಹಲ್ಲಿನ ಗಾಯ, ಎರಡು ಆಳ. ನಾನು ಸೋಪು ಹಾಕಿ ಇಪ್ಪತ್ತು ನಿಮಿಷ ನಲ್ಲಿಯ ಕೆಳಗೆ ತೊಳೆದೆ. ಆಳದ ಎರಡಕ್ಕೆ ಕಡ್ಡಿಯಿಂದ ಕಾರ್ಬಾಲಿಕ್ ಆಮ್ಲ ಮುಟ್ಟಿಸಿದೆ. ಅವಳು ತುಟಿ ಕಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ನಾಯಿ ಎಲ್ಲಿ?" ಎಂದೆ.

ಗಂಡ ಮತ್ತೆ ತಲೆ ತಗ್ಗಿಸಿದ. "ಕೊಟ್ಬುಟ್ಟೆ."

"ಯಾರಿಗೆ?"

"ನಮ್ ಭಾವಮೈದನಿಗೆ. ಮನೆಯೋರ ರಕ್ತ ಕಂಡ ನಾಯಿನ ಸಂಜೆಗಂಟ ಪಟ್ಟೀಲಿ ಇಡಂಗಿಲ್ಲ. ಕೊಲ್ಲಾದೂ ಇಲ್ಲ. ಬ್ಯಾರೆ ಮಂದೆಗೆ ಕೊಟ್ಬುಡದು. ಅವ್ನು ನೆನ್ನೆನೇ ಕೊಳತ್ತೂರು ಕಡೆ ಮಂದೆ ಒಡ್ಕಂಡು ಓದ."

ಅವರಲ್ಲಿ ಹಾಗೆ ನಡೆದುಬಂದಿತ್ತು. ಆದರೆ ನನಗೆ ಜಗತ್ತಿನಲ್ಲಿ ಆ ಹೊತ್ತು ಬೇಕಿದ್ದದ್ದು ಆ ನಾಯಿಯೊಂದೇ. ಕಚ್ಚಿದ ನಾಯಿ ಹತ್ತು ದಿನ ಆರೋಗ್ಯವಾಗಿದ್ದರೆ, ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೋಗ ಇರಲಿಲ್ಲ ಎಂದು ಅರ್ಥ; ಲಸಿಕೆ ಬೇಡ. ನಾಯಿ ಸತ್ತರೆ, ಹುಚ್ಚು ಹಿಡಿದರೆ, ಇಲ್ಲವೇ ಕಾಣೆಯಾದರೆ ಲಸಿಕೆ ಬೇಕೇ ಬೇಕು. ಹುಚ್ಚುನಾಯಿ ರೋಗ ಒಮ್ಮೆ ಹತ್ತಿದರೆ ಯಾವ ಡಾಕ್ಟರೂ ಏನೂ ಮಾಡಲಾರ. ಆದರೆ ಲಸಿಕೆ ಕೊಟ್ಟರೆ ಇವಳು ಮೂರನೇ ಸಲ ಬೀಳಬಹುದು, ಎದೆಯವರೆಗೂ. ಬಾತುಕೋಳಿ ಮೊಟ್ಟೆಯಿಂದ ಮಾಡಿದ ಬೇರೊಂದು ಲಸಿಕೆ ಹೊರದೇಶದಲ್ಲಿದೆ ಎಂದು ಓದಿದ್ದೆ. ಮದ್ರಾಸಿಗೆ ತಂತಿ ಕೊಟ್ಟೆವು. ಅಂದು ಸಂಜೆಯೇ ಉತ್ತರ ಬಂತು: ದಾಸ್ತಾನಿಲ್ಲ, ನಾಯಿ ಹುಡುಕಿ.

ಹಿರಿಯ ಡಾಕ್ಟರು ನಶ್ಯದ ಡಬ್ಬಿ ಮುಚ್ಚಿಟ್ಟು ಹೇಳಿದರು: "ನಾಯ್ ಕಡಿಯಲೆ ವಿಳೆಯಾಡ ಕೂಡಾದಮ್ಮಾ." ನಾಯಿಕಡಿತದ ವಿಷಯದಲ್ಲಿ ಆಟವಾಡಬಾರದು ಎಂದು. ಎಲ್ಲರೂ ಮಾಡುವುದು ಮೊದಲು ಲಸಿಕೆ ಶುರುಮಾಡುವುದು, ನಾಯಿ ಬದುಕಿದರೆ ನಿಲ್ಲಿಸುವುದು. ಅದೇ ನಿಯಮ, ಸರಿಯಾದ ನಿಯಮ. "ಆದರೆ ನಿಯಮ ಬರೆದವರು ಇವಳನ್ನು ನೋಡಿಲ್ಲ," ಎಂದೆ. ಅವರು, ನೀನೇ ಅವಳ ಡಾಕ್ಟರು, ನೀನು ಬರೆ, ಕೆಳಗೆ ನಾನೂ ಸಹಿ ಹಾಕುತ್ತೇನೆ ಎಂದರು. ಅವರ ದೊಡ್ಡತನ ನನಗೆ ಆಗ ಪೂರ್ತಿ ಅರ್ಥವಾಗಿರಲಿಲ್ಲ.

ಅತ್ತೆಗೆ ಲಸಿಕೆ ಬೇಕಿತ್ತು. "ಕಾಲ್ ಓದ್ರೆ ಓಗ್ಲಿ, ಜೀವ ಇರ್ತೈತೆ," ಅಂದಳು. ನಾನು ಸೊಸೆಯನ್ನು ಕೇಳಿದೆ. ಎರಡೂ ದಾರಿಯ ಅಪಾಯ ಬಿಡಿಸಿ ಹೇಳಿದೆ, ಒಂದನ್ನೂ ಮುಚ್ಚಿಡಲಿಲ್ಲ. ಅವಳು ಕೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಕೇಳಿದಳು.

"ನಾಯಿ ಸಿಕ್ರೆ ಊಸಿ ಬ್ಯಾಡ್ವಾ?"

"ಸಿಕ್ಕಿ, ಚೆನ್ನಾಗಿದ್ರೆ ಬೇಡ."

"ನನ್ ನಾಯಿಗೆ ಉಚ್ಚಿಲ್ಲ ಡಾಕ್ಟ್ರಮ್ಮ. ನಾನು ಬಿದ್ದಿದ್ಕೆ ಕಚ್ತು. ಉಡ್ಕಿ." ಆಮೇಲೆ ಮೆಲ್ಲಗೆ, "ತಿರ್ಗಾ ಅಂಗೆ ಮಲಿಕ್ಕಳಾಕೆ ನನ್ ಕೈಲಾಗಾಕಿಲ್ಲ," ಅಂದಳು.

ಕೇಸ್ ಶೀಟಿನಲ್ಲಿ ಬರೆದೆ: ಕಚ್ಚಿದ ಮೂರನೇ ದಿನದ ಸಂಜೆಯೊಳಗೆ ನಾಯಿ ಸಿಗದಿದ್ದರೆ, ಅಥವಾ ಸಿಕ್ಕಿದ ನಾಯಿಯಲ್ಲಿ ಯಾವುದೇ ಲಕ್ಷಣ ಕಂಡರೆ, ಲಸಿಕೆ ಮತ್ತು ಸ್ಟೀರಾಯ್ಡ್ ಒಟ್ಟಿಗೆ ಆರಂಭ. ಇಬ್ಬರೂ ಸಹಿ ಹಾಕಿದೆವು. ಹೊತ್ತನ್ನೂ ಬರೆದೆವು.

ಮಾರನೇ ಬೆಳಿಗ್ಗೆ ಅವಳ ಗಂಡನೂ ನಾನೂ ಬಸ್ಸು ಹಿಡಿದು ಮೆಟ್ಟೂರು ದಾಟಿ ಕೊಳತ್ತೂರಿಗೆ ಹೋದೆವು. ಅದು ಮೂರನೇ ದಿನ. ಮಂದೆ ಯಾವ ಹೊಲದಲ್ಲಿದೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ದಿಕ್ಕು ತೋರಿಸಿದರು. ಕೊನೆಗೆ ಅವನು ಜನರನ್ನು ಕೇಳುವುದನ್ನೇ ಬಿಟ್ಟ. ಪಟ್ಟಿ ಹಾಕಿದ್ದ ಹೊಲಕ್ಕೆ ಇಳಿದು ಹಿಕ್ಕೆಯನ್ನು ಬೆರಳಲ್ಲಿ ಒಡೆದು ನೋಡಿ, "ಇದು ಮೂರ್ದಿನದ್ದು, ನಮ್ದಲ್ಲ," ಎಂದು ಎಸೆದ. ಇನ್ನೊಂದು ಹೊಲದಲ್ಲಿ, "ಇದು ನೆನ್ನೇದು. ಉಣಸೆಕಾಯಿ ತಿಂದವೆ ನೋಡಿ." ನನಗೆ ಎಲ್ಲ ಹಿಕ್ಕೆಯೂ ಹಿಕ್ಕೆಯೇ. ರಕ್ತದ ಹನಿಯನ್ನು ಗಾಜಿನ ಮೇಲೆ ಬಳಿದು ಓದುತ್ತೇನೆಂದು ಜಂಬಪಡುತ್ತಿದ್ದ ನಾನು ಅವನ ಹಿಂದೆ ಸೀರೆ ಎತ್ತಿ ಕಟ್ಟಿಕೊಂಡು ನಡೆದೆ. ಪಾಲಮಲೆಯ ಬುಡದಲ್ಲಿ, ಹೊತ್ತು ಇಳಿಯುವ ಮುಂಚೆ, ಕುರಿಗಳ ಕೆಂಪು ಬೆನ್ನುಗಳು ಕಂಡವು. ಅವುಗಳ ಪಕ್ಕದಲ್ಲಿ ಒಂದು ಬೂದು ನಾಯಿ ಕೂತಿತ್ತು. ಗಂಡ ಶಿಳ್ಳೆ ಹಾಕಿದ. ಅದು ಬಾಲ ಆಡಿಸುತ್ತ ಓಡಿ ಬಂತು. ನನಗೆ ಅಲ್ಲೇ ಕುಳಿತು ಅಳಬೇಕೆನಿಸಿತು.

ಆ ನಾಯಿಯನ್ನು ಅವನ ಪಟ್ಟಿಗೆ ಒಯ್ಯುವಂತಿರಲಿಲ್ಲ, ಭಾವಮೈದನ ಮಂದೆ ಒಂದು ಕಡೆ ನಿಲ್ಲುವುದಿಲ್ಲ. ಬಾಯಿಗೆ ಹಗ್ಗ ಸುತ್ತಿ ಖಾಲಿ ಲಾರಿಯೊಂದರಲ್ಲಿ ಆಸ್ಪತ್ರೆಗೇ ತಂದು, ಹಿತ್ತಿಲ ಬೇವಿನ ಮರಕ್ಕೆ ಕಟ್ಟಿದೆವು. ಹಿರಿಯ ಡಾಕ್ಟರು ಬಂದು ನೋಡಿ, ವಾರ್ಡಿನಲ್ಲಿ ಅದಕ್ಕೂ ಒಂದು ಚೀಟಿ ಮಾಡಿಸಿದೆಯಾ ಎಂದು ಕೇಳಿದರು. ಮಾಡಿಸಿರಲಿಲ್ಲ, ಕೇಳಿದ ಮೇಲೆ ಮಾಡಿದೆ. ಬೆಳಿಗ್ಗೆ, ಸಂಜೆ: ನಡಿಗೆ, ದನಿ, ಜೊಲ್ಲು, ಕೂಳು.

ನಾಲ್ಕನೇ ದಿನ ಕೂಳಿನ ಸಾಲಿನಲ್ಲಿ "ಇಲ್ಲ" ಎಂದು ಬಿತ್ತು. ಐದನೇ ದಿನವೂ ಇಲ್ಲ. ರಾಗಿಮುದ್ದೆ ಮುಂದಿಟ್ಟರೆ ಮೂಸಿ ಮುಖ ತಿರುಗಿಸಿತು. ನೀರು ಕುಡಿಯುತ್ತಿತ್ತು, ಆದರೆ ಅದರಿಂದ ನೆಮ್ಮದಿ ಪಡುವಂತಿರಲಿಲ್ಲ; ನೀರಿನ ಭಯ ಬರುವುದು ಮನುಷ್ಯನಿಗೆ, ಹುಚ್ಚು ಹಿಡಿದ ನಾಯಿ ನೀರಿಗೆ ಬಾಯಿ ಹಾಕುತ್ತದೆ. ಕೂಳು ಬಿಡುವುದು, ಮಂಕಾಗುವುದು ಮೊದಲ ಲಕ್ಷಣಗಳಲ್ಲಿ ಒಂದು. ಆರನೇ ದಿನ ಮಧ್ಯಾಹ್ನ ನಾನು ಐಸ್ ಪೆಟ್ಟಿಗೆಯಿಂದ ಲಸಿಕೆಯ ಬಾಟಲಿ ತೆಗೆಸಿ ಮೇಜಿನ ಮೇಲೆ ಇಡಿಸಿದೆ. ನಾನೇ ಬರೆದ ಮಾತು ಕೇಸ್ ಶೀಟಿನಲ್ಲಿ ಕಣ್ಣೆದುರಿಗಿತ್ತು. ಎರಡು ದಿನ ತಡಮಾಡಿದ್ದೇ ತಪ್ಪೋ, ಈಗ ಕೊಡುವುದು ತಪ್ಪೋ ತಿಳಿಯಲಿಲ್ಲ. ಹೋಗಿ ಅವಳಿಗೆ ಹೇಳಿದೆ. ಅವಳು ಸೆರಗು ಸರಿಸಿ ಹೊಟ್ಟೆ ಬಿಟ್ಟು ಮಲಗಿದಳು. ಆ ವಿಧೇಯತೆ ನೋಡಲಾರದೆ ಕಿಟಕಿಯ ಕಡೆ ತಿರುಗಿದೆ.

ಆಗ ಅತ್ತೆ ಕೇಳಿದಳು: "ಅದು ಉಣ್ನಿಲ್ಲ ಅಂತ ಊಸಿನಾ?"

"ಹೌದು."

"ಅದ್ಕೆ ಕೂಳು ಯಾವಾಗ ಇಟ್ರಿ?"

"ಬೆಳಿಗ್ಗೆ, ಮಧ್ಯಾಹ್ನ, ಸಾಯಂಕಾಲ. ಎಲ್ಲ ಹೊತ್ತೂ ಇಟ್ಟೆವು."

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕುರಿ ಎಲ್ಲವೆ? ಪಟ್ಟಿ ಎಲ್ಲೈತೆ? ಕುರಿ ಎಲ್ಲಾ ಒಳಕ್ಕಾಕಿ, ಎಣಿಸಿ, ಬಾಗ್ಲ ಪಡಲು ಮುಚ್ಚಿದ ಮ್ಯಾಲೇ ಅಲ್ವಾ ಅದ್ಕೆ ಕೂಳು. ಮರಿಯಾಗಿದ್ದಾಗ್ಲಿಂದ ಅಂಗೇ ಕಲಿಸಿರದು. ಅದ್ಕೆ ಮುಂಚೆ ಬಾಯಿಕ್ಕುದ್ರೆ ಏಟು ಬೀಳ್ತಿತ್ತು. ಸಂಜೆಗಂಟ ತಡೀರಿ."

ಸಂಜೆಯವರೆಗೆ ತಡೆಯುತ್ತೇನೆ, ಅದರಾಚೆ ಒಂದು ಗಳಿಗೆಯೂ ಇಲ್ಲ ಎಂದೆ. ಗಂಡ ಓಡಿದ. ಹೊತ್ತು ಮುಳುಗುವ ಮುಂಚೆ ಪಕ್ಕದ ಊರಿನ ನೆಂಟರಿಂದ ಆರು ಕುರಿ ಹೊಡೆದುಕೊಂಡು ಬಂದು, ಆಸ್ಪತ್ರೆಯ ಹಿತ್ತಿಲಲ್ಲಿ ನಾಲ್ಕು ಗೂಟ ನೆಟ್ಟು ಬಲೆ ಕಟ್ಟಿದ. ಹಿರಿಯ ಡಾಕ್ಟರು ಜಗಲಿಯಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಕೈಯಲ್ಲಿ ಹಿಡಿದ ನಶ್ಯ ಮೂಗಿಗೆ ಏರಿರಲಿಲ್ಲ. ಕುರಿ ಒಳಗೆ ಹೋಗುವಾಗ ನಾಯಿ ಎದ್ದು ನಿಂತಿತು. ಮುದುಕಿ ಗಟ್ಟಿಯಾಗಿ ಎಣಿಸಿದಳು, ಒಂದು ಎರಡು ಮೂರು. ಆರಕ್ಕೆ ಪಡಲು ಮುಚ್ಚಿದಳು. ಮುದ್ದೆ ಇಟ್ಟಳು. ನಾಯಿ ಮೂರು ದಿನದ ಹಸಿವಿನಲ್ಲಿ ಅದನ್ನು ನುಂಗಿ, ತಟ್ಟೆ ನೆಕ್ಕಿ, ಇನ್ನೊಂದಕ್ಕೆ ಮುದುಕಿಯ ಮುಖ ನೋಡಿತು.

ಲಸಿಕೆಯ ಬಾಟಲಿ ಐಸ್ ಪೆಟ್ಟಿಗೆಗೆ ಮರಳಿತು. ಉಳಿದ ನಾಲ್ಕು ದಿನವೂ ಸಂಜೆ ಆರು ಕುರಿ ಎಣಿಸಿ ನಾಯಿಗೆ ಕೂಳಿಟ್ಟೆವು. ಕೊನೆಗೆ ಎಣಿಸುವ ಕೆಲಸ ಹಿರಿಯ ಡಾಕ್ಟರು ವಹಿಸಿಕೊಂಡಿದ್ದರು, ತಮಿಳಿನಲ್ಲಿ ಎಣಿಸಿದರೂ ನಾಯಿ ಒಪ್ಪಿತು. ಹತ್ತನೇ ದಿನ ಅದು ಎಂದಿನಂತೆ ಬೊಗಳಿತು, ತಿಂದಿತು. ಗಾಯ ಒಣಗಿತ್ತು. ಕೇಸ್ ಶೀಟು ಮುಚ್ಚಿ ಮನೆಗೆ ಕಳಿಸಿದೆ. ನಾಯಿ ಭಾವಮೈದನ ಮಂದೆಗೇ ಹೋಯಿತು. ಅದರಲ್ಲಿ ಅವರು ಬದಲಾಗಲಿಲ್ಲ.

ಆದರೆ ನನ್ನ ಭಯ ಮುಗಿದಿರಲಿಲ್ಲ. ನಾನು ಊರಲ್ಲಿಲ್ಲದ ದಿನ, ಇನ್ನೊಂದು ತಾಲ್ಲೂಕಿನಲ್ಲಿ, ಇನ್ನೊಂದು ಆಡು ಸತ್ತರೆ? ದಪ್ಪ ರಟ್ಟಿನ ಮೇಲೆ ತಮಿಳಿನಲ್ಲಿ ಒಂದೇ ಸಾಲು ಬರೆದೆ, "ಇವಳುಕ್ಕು ನಾಯ್ ಊಸಿ ಪೋಡ ಕೂಡಾದು." ಇವಳಿಗೆ ನಾಯಿ ಸೂಜಿ ಹಾಕಬಾರದು ಎಂದು. ಕೆಳಗೆ ಸಹಿ ಹಾಕಿ, ಎಂದೂ ಕಳೆಯಬೇಡ ಎಂದು ಕೊಟ್ಟೆ. ತಿಂಗಳೊಳಗೆ ಬಂದಳು. ರಟ್ಟನ್ನು ಆಡು ತಿಂದಿತ್ತು. ಇನ್ನೊಂದು ಬರೆದುಕೊಟ್ಟೆ, ಬೈದೂ ಕೊಟ್ಟೆ.

ಮುಂದಿನ ಬೇಸಿಗೆಯಲ್ಲಿ ಅವಳು ಬಸ್ಸಿನಿಂದ ಇಳಿದು ಒಬ್ಬಳೇ ನಡೆದು ಬಂದಳು. ಕೋಲು ಇರಲಿಲ್ಲ. ಮತ್ತೆ ಚೀಟಿ ಕಳೆದೆಯಾ ಎಂದು ಗದರಿದೆ. ಇಲ್ಲ ಎಂದು ತಲೆಯಾಡಿಸಿ, ಬಾಗಿಲು ಮುಚ್ಚಿ, ಸೆರಗು ಸರಿಸಿದಳು. ಹೊಕ್ಕುಳಿನ ಮೇಲುಗಡೆ, ಯಾವ ಕಂಪೌಂಡರೂ ಸೂಜಿ ಹಿಡಿದು ಬಾಗಿದರೆ ಕಣ್ಣಿಗೆ ಬೀಳಲೇಬೇಕಾದ ಜಾಗದಲ್ಲಿ, ಹಸಿರು ಹಚ್ಚೆಯಲ್ಲಿ ನನ್ನ ತಮಿಳು ಸಾಲು ಇತ್ತು. ಹಚ್ಚೆ ಹಾಕುವವಳಿಗೆ ಓದು ಬಾರದು. ರಟ್ಟಿನ ಮೇಲೆ ಇದ್ದದ್ದನ್ನು ಇದ್ದ ಹಾಗೆ ಇಳಿಸಿದ್ದಳು, ನನ್ನ ಸೊಟ್ಟ ಅಕ್ಷರಗಳನ್ನು, ಕೆಳಗಿನ ಸಹಿಯನ್ನು, ಸಹಿಯ ಕೆಳಗೆ ನಾನು ಎಳೆದಿದ್ದ ಗೆರೆಯನ್ನೂ.

"ಹೊಟ್ಟೆ ಮೇಲೆ ಇಷ್ಟೊಂದು ಚುಚ್ಚಿಸಿಕೊಂಡೆಯಲ್ಲ, ನೋವಾಗಲಿಲ್ಲವಾ?" ಎಂದೆ.

ಅವಳ ಮುಖ ಅರಳಿತು. "ಆಯ್ತು ಡಾಕ್ಟ್ರಮ್ಮ," ಅಂದಳು. "ಒಂದೊಂದು ಸೂಜಿನೂ ಗೊತ್ತಾಯ್ತು."